117 ವೋಲ್ಟಿನ ಪೆಟ್ಟಿಗೆ

“ಒಮ್ಮೆ ಹಾಕಿ ನೋಡ್ತೀಯಾ?” ಎಂದು ದೊಡ್ಡಮ್ಮ ಕೇಳಿದರು. ವಯರಿನ ತುದಿ ಅವರ ಕೈಯಲ್ಲಿತ್ತು. ಅದಕ್ಕೆ ಯಾರೋ ನಮ್ಮೂರಿನ ಮೂರು ಪಿನ್ನಿನ ಪ್ಲಗ್ ಜೋಡಿಸಿದ್ದರು. ಸಾಕೆಟ್ ಅಲ್ಲೇ ಪಕ್ಕದಲ್ಲಿತ್ತು. ನಾನು ಬೇಡ ಬೇಡ ಎಂದು ಅವಸರದಲ್ಲಿ ಕೈ ಚಾಚಿದೆ. ಪೆಟ್ಟಿಗೆ ತಿರುಗಿಸಿ ಹಿಂಬದಿ ಒರೆಸಿದೆ. ಧೂಳಿನ ಅಡಿಯಿಂದ 117 ವೋಲ್ಟ್ ಎಂಬ ಅಕ್ಷರ ಎದ್ದು ಬಂತು. ನಮ್ಮ ಮನೆಗಳಿಗೆ ಬರುವುದು 230. ಆ ಸ್ವಿಚ್ ಒತ್ತಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಅಲ್ಲಿಗೇ ಮುಗಿಯುತ್ತಿತ್ತು. ಹಳೆಯ ಪ್ರೀಆಂಪ್‌ನಲ್ಲಿ, ಅಂದರೆ ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲ್ ಎತ್ತಿ ಆಂಪ್ಲಿಫೈಯರ್‌ಗೆ ಕೊಡುವ ಇಂಥ ಪೆಟ್ಟಿಗೆಯಲ್ಲಿ, ಉಳಿದ ಎಲ್ಲವೂ ಪೇಟೆಯಲ್ಲಿ ಸಿಗುತ್ತದೆ. ಅದರದ್ದೇ ಟ್ರಾನ್ಸ್‌ಫಾರ್ಮರ್ ಮಾತ್ರ ಸಿಗುವುದು ಕಷ್ಟ.

ಅದು ಡೈನಾಕೋ ಪಿಎಎಸ್-3. ಅಮೆರಿಕದ ಫಿಲಡೆಲ್ಫಿಯಾದ ಕಂಪನಿಯದ್ದು. ಡೇವಿಡ್ ಹಾಫ್ಲರ್ ಮತ್ತು ಎಡ್ ಲಾರೆಂಟ್ ಸೇರಿ 1955ರಲ್ಲಿ ಆ ಕಂಪನಿ ಶುರು ಮಾಡಿದ್ದರು. ಸಾಮಾನ್ಯ ಸಂಬಳದವರೂ ಒಳ್ಳೆಯ ಆಡಿಯೋ ಕೇಳಲಿ ಎಂದು ಬಿಡಿಭಾಗಗಳನ್ನು ಕಿಟ್ ಮಾಡಿ ಮಾರುತ್ತಿದ್ದರು. ಕೊಂಡವರು ತಾವೇ ಬೆಸುಗೆ ಹಾಕಿಕೊಳ್ಳಬೇಕು. ದೊಡ್ಡಮ್ಮ ಎಂದರೆ ನನ್ನ ಗೆಳೆಯನ ದೊಡ್ಡಮ್ಮ. ಅವರ ಮನೆಯವರು ಡಾಕ್ಟರ್ ಆಗಿದ್ದರು. 1960ರ ದಶಕದಲ್ಲಿ ಅಮೆರಿಕದಲ್ಲಿ ಓದುವಾಗ ರೂಮಿನ ಮೇಜಿನ ಮೇಲೆ ಇದನ್ನು ಕೂರಿಸಿಕೊಂಡು ಕಟ್ಟಿದ್ದಂತೆ. ಕಟ್ಟುವ ಕ್ರಮ ತಿಳಿಸುವ ಪುಸ್ತಕವೂ ಕಪಾಟಿನಲ್ಲೇ ಇತ್ತು. ಪ್ರತಿಯೊಂದು ಹೆಜ್ಜೆಯ ಮುಂದೆ ಗುರುತು ಹಾಕಲು ಪುಟ್ಟ ಕಂಸ. ಎಲ್ಲದರಲ್ಲೂ ನೀಲಿ ಶಾಯಿಯ ಟಿಕ್. ಒಂದೂ ಬಿಟ್ಟಿರಲಿಲ್ಲ.

ಮಂಗಳೂರಿನ ಕದ್ರಿಯ ಆ ಹಂಚಿನ ಮನೆ ಬಿಟ್ಟು ದೊಡ್ಡಮ್ಮ ಮಗಳ ಫ್ಲ್ಯಾಟಿಗೆ ಹೋಗುವವರಿದ್ದರು. ಸಾಮಾನು ಖಾಲಿ ಮಾಡುತ್ತಿದ್ದರು. ನಾನು 20,000 ರೂಪಾಯಿ ಕೊಡುತ್ತೇನೆ ಎಂದೆ. ಅವರು ಒಪ್ಪಿದರು. ಆದರೆ ಪುಸ್ತಕ ಕೊಡಲಿಲ್ಲ. “ಅದರಲ್ಲಿ ಇವರ ಕೈ ಉಂಟು, ಅದು ಇಲ್ಲಿರಲಿ” ಎಂದರು. ಜೆರಾಕ್ಸ್ ಮಾಡಿಸಿಕೊಳ್ಳಲು ಒಂದು ದಿನದ ಮಟ್ಟಿಗೆ ಕೊಟ್ಟರು.

ಕರೆಂಟ್ ಹಾಕದೆ ಎಂತ ನೋಡಿ ಕೊಂಡೆ ಎಂದು ತುಂಬಾ ಜನ ಕೇಳಿದ್ದಾರೆ. ಮುಚ್ಚಳ ತೆಗೆದು ಮೊದಲು ಮೂಸಿದೆ. ಸುಟ್ಟ ವಾರ್ನಿಷ್ ವಾಸನೆ ಇದ್ದರೆ ಟ್ರಾನ್ಸ್‌ಫಾರ್ಮರ್ ಹೋಗಿದೆ ಎಂದೇ ಲೆಕ್ಕ. ಇರಲಿಲ್ಲ. ಮಲ್ಟಿಮೀಟರ್ ಇಟ್ಟು ಪ್ರೈಮರಿ ಸುತ್ತು ತುಂಡಾಗಿಲ್ಲ ಎಂದು ನೋಡಿದೆ. ಕಬ್ಬಿಣಕ್ಕೂ ಸುತ್ತಿಗೂ ನಡುವೆ ಸಂಪರ್ಕ ಇಲ್ಲ ಎಂದು ನೋಡಿದೆ. ವಾಲ್ವ್‌ಗಳು, ಅಂದರೆ ಟ್ರಾನ್ಸಿಸ್ಟರ್‌ಗೂ ಹಿಂದಿನ ಕಾಲದ ಗಾಜಿನ ಕೊಳವೆಗಳು, ಐದೂ ಇದ್ದವು. ನಾಲ್ಕು 12ಎಎಕ್ಸ್7, ಒಂದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ 12ಎಕ್ಸ್4. ಗುಂಡಿಗಳು ಮೂಲದವೇ. ತಳದ ತಗಡಿಗೆ ತುಕ್ಕು ಹಿಡಿದಿತ್ತು. ಕಡಲ ಬದಿಯ ಊರಲ್ಲಿ ಅಷ್ಟು ತುಕ್ಕು ಇಲ್ಲದ ಸಾಮಾನು ಸಿಗುವುದಿಲ್ಲ. ಎಲ್ಲಕ್ಕಿಂತ ನನಗೆ ಧೈರ್ಯ ಕೊಟ್ಟದ್ದು ಒಳಗಿನ ಬೆಸುಗೆ. ಯಾರೂ ಕೈ ಹಾಕಿ ಕೆಡಿಸಿರಲಿಲ್ಲ. ಅರ್ಧಂಬರ್ಧ ರಿಪೇರಿ ಆದ ಪೆಟ್ಟಿಗೆಗಿಂತ ಮುಟ್ಟದ ಪೆಟ್ಟಿಗೆ ಎಷ್ಟೋ ಮೇಲು.

ಪ್ರೀಆಂಪ್ ಏಕೆ ಬೇಕು ಅಂದರೆ, ರೆಕಾರ್ಡ್ ಪ್ಲೇಯರ್‌ನ ಕಾರ್ಟ್ರಿಜ್ ಕೊಡುವ ಸಿಗ್ನಲ್ ಬಹಳ ಸಣ್ಣದು. ಮೂವಿಂಗ್ ಮ್ಯಾಗ್ನೆಟ್ ಬಗೆಯದ್ದಾದರೆ ಸುಮಾರು 5 ಮಿಲಿವೋಲ್ಟ್. ಅದನ್ನು ನೂರಾರು ಪಟ್ಟು ಎತ್ತಬೇಕು. ಜೊತೆಗೆ ರೆಕಾರ್ಡ್ ಕೊರೆಯುವಾಗ ಬಾಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ. ಅದನ್ನು ತಿರುಗಿಸಿ ಸರಿ ಮಾಡಬೇಕು. ಅದಕ್ಕೆ 1954ರಿಂದ ಆರ್‌ಐಎಎ ಎಂಬ ಒಂದೇ ಅಳತೆ ಬಳಕೆಯಲ್ಲಿದೆ. ಪಿಎಎಸ್-3ರಲ್ಲಿ ಎರಡು ವಾಲ್ವ್ ಬರೀ ಈ ಕೆಲಸಕ್ಕೆ. ಉಳಿದೆರಡು ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ಭಾಗಕ್ಕೆ. ನಮ್ಮ ಮನೆಯಲ್ಲಿ ಅಪ್ಪ ಕೂಡಿಟ್ಟ ನೂರಿಪ್ಪತ್ತು ರೆಕಾರ್ಡ್ ಇವೆ. ಭೀಮಸೇನ ಜೋಶಿ, ಎಂ.ಎಸ್. ಸುಬ್ಬುಲಕ್ಷ್ಮಿ, ನಮ್ಮ ಆರೂರಿನವರೇ ಆದ ಪಿ. ಕಾಳಿಂಗರಾಯರು. ಇವರ ದನಿ ಸರಿಯಾಗಿ ಕೇಳಬೇಕು ಎನ್ನುವುದು ಬಿಟ್ಟು ನನಗೆ ಬೇರೆ ಉದ್ದೇಶ ಇರಲಿಲ್ಲ.

ಬಂದರಿನ ಒಂದು ಓಣಿಯಲ್ಲಿ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಮಾಸ್ಟ್ರು ಅನ್ನುತ್ತಾರೆ. ಕೆಳಗೆ ಮೆಣಸಿನ ಅಂಗಡಿ, ಅಟ್ಟದ ಮೇಲೆ ಇವರ ಮೇಜು. ಮೆಣಸಿನ ಘಾಟಿಗೆ ಮೊದಲ ಹತ್ತು ನಿಮಿಷ ಕೆಮ್ಮು ಬರುತ್ತದೆ. ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳು ವರ್ಷಗಟ್ಟಲೆ ಸುಮ್ಮನಿದ್ದರೆ, ವೋಲ್ಟೇಜ್ ಏರಿಳಿಸುವ ವೇರಿಯಾಕ್ ಎಂಬ ಉಪಕರಣದಿಂದ ಅವಕ್ಕೆ ಮೆಲ್ಲ ಜೀವ ಕೊಡಬೇಕು ಎಂದು ನಾನು ಓದಿಕೊಂಡು ಹೋಗಿದ್ದೆ. “ವೇರಿಯಾಕ್‌ನಲ್ಲಿ ವೋಲ್ಟೇಜ್ ಮೆಲ್ಲ ಮೆಲ್ಲ ಏರಿಸಿ ಹಳೆಯ ಕೆಪಾಸಿಟರ್‌ಗಳನ್ನು ಎಬ್ಬಿಸುವ, ಅಲ್ವಾ ಮಾಸ್ಟ್ರೇ?” ಎಂದೆ.

“ಇದರಲ್ಲಿ ರೆಕ್ಟಿಫೈಯರ್ ಕೂಡ ವಾಲ್ವೇ ಉಂಟಲ್ಲ ಮಾರಾಯ್ರೆ” ಎಂದರು ಅವರು. “ಅದು ಕಾಯದೆ ಒಂದು ವೋಲ್ಟೂ ಮುಂದೆ ಬಿಡುವುದಿಲ್ಲ. ನೀವು ಕೆಳಗಿನಿಂದ ಏರಿಸ್ತಾ ಬನ್ನಿ, ಅರ್ಧ ದಾರಿವರೆಗೆ ಎಂತದೂ ಇಲ್ಲ. ಮತ್ತೆ ಒಮ್ಮೆಲೇ ಬರ್ತದೆ. ಕೆಪಾಸಿಟರ್‌ಗೆ ಎಂತ ಉಪಕಾರ ಆಯ್ತು? ಬದಲು ಮಾಡುವುದೇ ಒಳ್ಳೆಯದು.”

ಎಷ್ಟು ಸರಳ ಮಾತು. ಎಲ್ಲೆಡೆ ಓದಿದ ಸಲಹೆ ಈ ಪೆಟ್ಟಿಗೆಗೆ ಹೊಂದುವುದಿಲ್ಲ ಎಂದು ನನಗೆ ಹೊಳೆದಿರಲೇ ಇಲ್ಲ.

ಅವರು ಒಂದೇ ಷರತ್ತು ಹಾಕಿದರು. ಒಂದು ಸಲಕ್ಕೆ ಒಂದೇ ಬದಲಾವಣೆ. ಅದಾದ ಮೇಲೆ ಅಳೆಯಬೇಕು, ಕೇಳಬೇಕು, ಬರೆದಿಡಬೇಕು. ಆಮೇಲೆ ಮುಂದಿನದ್ದು. ನನಗೆ ಒಂದೇ ಭಾನುವಾರದಲ್ಲಿ ಎಲ್ಲ ಮುಗಿಸುವ ಆಸೆ ಇತ್ತು. ಕೊನೆಗೆ ಮೂರು ತಿಂಗಳು ಹಿಡಿಯಿತು. ಅವರ ಮಾತು ಕೇಳಿದ್ದು ಎಷ್ಟು ಒಳ್ಳೆಯದಾಯಿತು ಎಂದು ಮುಂದೆ ಗೊತ್ತಾಯಿತು.

ಮೊದಲು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. 230ರಿಂದ 110ಕ್ಕೆ ಇಳಿಸುವಂಥದ್ದು. ಇದರಲ್ಲಿ ಎರಡು ಬಗೆ. ಒಂದೇ ಸುತ್ತಿನ ಆಟೋ ಟ್ರಾನ್ಸ್‌ಫಾರ್ಮರ್ ಅಗ್ಗ, ಆದರೆ ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ. ಎರಡು ಬೇರೆ ಬೇರೆ ಸುತ್ತು ಇರುವ ಐಸೋಲೇಷನ್ ಬಗೆಯದ್ದೇ ಬೇಕು. 100 ವಿಎ ಧಾರಾಳ ಸಾಕು. 117ರ ಬದಲು 110 ಕೊಟ್ಟರೆ ಕಡಿಮೆ ಆಗುವುದಿಲ್ಲವೇ ಎಂದು ಕೇಳಿದೆ. ಅಮೆರಿಕದ ಕರೆಂಟ್ 60 ಹರ್ಟ್ಸ್, ನಮ್ಮದು 50. ಅಲ್ಲಿಗೆಂದು ಮಾಡಿದ ಕಬ್ಬಿಣದ ತಿರುಳು ಇಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಅದಕ್ಕೇ ಸ್ವಲ್ಪ ಕೆಳಗಿದ್ದರೆ ಒಳ್ಳೆಯದು ಎಂದರು ಮಾಸ್ಟ್ರು.

ಆಮೇಲೆ ಪವರ್ ಸಪ್ಲೈ. ಒಂದೇ ಅಲ್ಯೂಮಿನಿಯಂ ಡಬ್ಬಿಯೊಳಗೆ ನಾಲ್ಕು ಫಿಲ್ಟರ್ ಕೆಪಾಸಿಟರ್ ಇರುತ್ತವೆ. ಐವತ್ತು ದಾಟಿದ ಡಬ್ಬಿಯನ್ನು ನಂಬಲು ಆಗುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಿಂದ 450 ವೋಲ್ಟಿನ ಹೊಸವನ್ನು ತರಿಸಿದೆ. ದೊಡ್ಡದು ಹಾಕಿದರೆ ಒಳ್ಳೆಯದೆಂದು ನಾನು 100 ಮೈಕ್ರೋಫ್ಯಾರಡ್‌ನವನ್ನೇ ತರಿಸಿದ್ದೆ. ಮಾಸ್ಟ್ರು ಅದನ್ನು ಮೊದಲ ಜಾಗಕ್ಕೆ ಹಾಕಲು ಒಪ್ಪಲಿಲ್ಲ. ಸ್ವಿಚ್ ಹಾಕಿದ ಕ್ಷಣ ಅಷ್ಟು ದೊಡ್ಡ ಕೆಪಾಸಿಟರ್ ತುಂಬಲು ರೆಕ್ಟಿಫೈಯರ್ ವಾಲ್ವ್ ವಿಪರೀತ ಕರೆಂಟ್ ಕೊಡಬೇಕಾಗುತ್ತದೆ. ಅದರ ಆಯುಷ್ಯ ಕಡಿಮೆಯಾಗುತ್ತದೆ. ಮೊದಲಿದ್ದ ಅಳತೆಯ ಹತ್ತಿರದ್ದೇ ಹಾಕಿದರು. ದೊಡ್ಡವು ಇನ್ನೂ ನನ್ನ ಡ್ರಾಯರ್‌ನಲ್ಲಿವೆ.

ಮೂರನೆಯದು ಸೆಲೆನಿಯಂ. ವಾಲ್ವ್‌ಗಳ ಒಳಗಿನ ಹೀಟರ್‌ಗೆ ಡಿಸಿ ಕೊಡಲು ಆ ಕಾಲದಲ್ಲಿ ಸೆಲೆನಿಯಂ ರೆಕ್ಟಿಫೈಯರ್ ಹಾಕುತ್ತಿದ್ದರು. ಹಳತಾದಂತೆ ಅದು ವೋಲ್ಟೇಜ್ ನುಂಗುತ್ತದೆ. ಸುಟ್ಟರೆ ಕೆಟ್ಟ ವಾಸನೆ ಬರುತ್ತದೆ, ಆ ಹೊಗೆ ವಿಷ. ಹೀಟರ್‌ಗೆ 12.6 ವೋಲ್ಟ್ ಬೇಕಾದಲ್ಲಿ ನಮ್ಮದರಲ್ಲಿ 10.4 ಸಿಗುತ್ತಿತ್ತು. ಸೆಲೆನಿಯಂ ಕಿತ್ತು ಸಿಲಿಕಾನ್ ಡಯೋಡ್ ಹಾಕಿದೆವು. ಡಯೋಡ್ ಕಡಿಮೆ ನುಂಗುತ್ತದೆ, ಹಾಗಾಗಿ ವೋಲ್ಟೇಜ್ ಹದ ಮೀರಿತು. ಒಂದು ಸಣ್ಣ ರೆಸಿಸ್ಟರ್ ಸೇರಿಸಿ 12.4ಕ್ಕೆ ತಂದರು.

ಅವತ್ತು ಮನೆಗೆ ತಂದು ಕೇಳಿದೆ. ಬರೀ ಹೀಟರ್ ಸರಿಯಾದದ್ದಕ್ಕೆ ಹಾಡಿಗೆ ಉಸಿರು ಬಂದ ಹಾಗಿತ್ತು. ತಂಬೂರಿ ಮೊದಲು ಮಸುಕಾಗಿತ್ತು. ಈಗ ನಾಲ್ಕು ತಂತಿಯೂ ಬೇರೆ ಬೇರೆ ಕೇಳಿತು. ಒಂದು ಡಜನ್ ಡಯೋಡ್‌ಗೆ ಕೊಟ್ಟದ್ದು ನೂರು ರೂಪಾಯಿಯೂ ಅಲ್ಲ.

ಇಲ್ಲಿ ಒಂದು ಮಾತು. ಇಂಥ ಪೆಟ್ಟಿಗೆಯೊಳಗೆ 300 ವೋಲ್ಟಿನ ಆಸುಪಾಸು ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಮಾಸ್ಟ್ರು ಪ್ರತಿ ಸಲ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿ, ಆಮೇಲೆ ಮುಟ್ಟುತ್ತಾರೆ. ಕರೆಂಟ್ ಇರುವಾಗ ಅಳೆಯಬೇಕಾದರೆ ಎಡಗೈ ಕಿಸೆಯಲ್ಲಿ. ಈ ಅಭ್ಯಾಸ ಇಲ್ಲದವರು ದಯವಿಟ್ಟು ಸ್ವಂತ ಕೈ ಹಾಕಬೇಡಿ. ತಿಳಿದವರ ಪಕ್ಕದಲ್ಲಿ ಕೂತು ಕಲಿಯಿರಿ.

ಆಮೇಲೆ ರೆಸಿಸ್ಟರ್‌ಗಳು. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್ ತೇವ ಹೀರುತ್ತದೆ, ವರ್ಷ ಕಳೆದಂತೆ ಅಳತೆ ಏರುತ್ತದೆ. ನಮ್ಮೂರಿನ ಮಳೆಗಾಲಕ್ಕೆ ಕೇಳಬೇಕೇ? ಕಂದು, ಕಪ್ಪು, ಹಳದಿ ಪಟ್ಟಿ, ಅಂದರೆ 100 ಕಿಲೋ-ಓಮ್. ಮೀಟರ್ ತೋರಿಸಿದ್ದು 131. ಎಡ ಚಾನೆಲ್‌ನಲ್ಲಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಕೇಳುತ್ತಿದ್ದುದು ಇಂಥದೇ ಒಂದರಿಂದ. ಮೆಟಲ್ ಫಿಲ್ಮ್ ಬಗೆಯ ಹೊಸ ರೆಸಿಸ್ಟರ್ ಹಾಕಿದ ಕೂಡಲೇ ನಿಂತಿತು. ಕಂದು ಬಣ್ಣದ ಆ ಹಳೆಯ ಸರ್ಕ್ಯೂಟ್ ಬೋರ್ಡ್‌ಗಳಿಗೆ ಜಾಸ್ತಿ ಬಿಸಿ ತಾಗಿದರೆ ತಾಮ್ರದ ಗೆರೆ ಕಿತ್ತು ಬರುತ್ತದೆ. ಅದಕ್ಕೆ ಮಾಸ್ಟ್ರು ಹಳೆಯ ರೆಸಿಸ್ಟರ್‌ನ ಕಾಲು ಕತ್ತರಿಸಿ, ಉಳಿದ ಮೊಳೆಯಷ್ಟನ್ನೇ ಮೆಲ್ಲ ಎಳೆದು ತೆಗೆಯುತ್ತಿದ್ದರು. ಒಂದು ಹಂತದಿಂದ ಮುಂದಿನದಕ್ಕೆ ಹಾಡಿನ ಸಿಗ್ನಲ್ ಮಾತ್ರ ದಾಟಿಸುವ ಕಪ್ಲಿಂಗ್ ಕೆಪಾಸಿಟರ್‌ಗಳಲ್ಲಿ ಎರಡು ಸೋರುತ್ತಿದ್ದವು. ಅಂದರೆ ತಡೆಯಬೇಕಾದ ಡಿಸಿ ಮುಂದಕ್ಕೆ ಹೋಗುತ್ತಿತ್ತು. ಎಲ್ಲವನ್ನೂ ಪಾಲಿಪ್ರೊಪಿಲೀನ್‌ಗೆ ಬದಲಿಸಿದೆವು.

ಇಷ್ಟೆಲ್ಲ ಆದರೂ ನನ್ನ ಮನೆಯಲ್ಲಿ ಬಾಸ್ ಬರಲಿಲ್ಲ. ಮೃದಂಗದ ಎಡ ಮುಖದ ಗುಮ್ಮೆನ್ನುವ ಶಬ್ದ ಇರಲೇ ಇಲ್ಲ. ಮಾಸ್ಟ್ರ ಮೇಜಿನ ಮೇಲೆ ಸರಿಯಾಗಿತ್ತು. ಹೊಸ ಕೆಪಾಸಿಟರ್ ಮೇಲೆ ಅನುಮಾನ ಪಟ್ಟು ಎರಡು ವಾರ ಕಳೆದೆ. ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನ ಗೆಳೆಯನೊಬ್ಬ ಇಎಲ್84 ವಾಲ್ವ್‌ನ ಪವರ್ ಆಂಪ್ ಕಟ್ಟಿದ್ದಾನೆ. ಒಂದು ಭಾನುವಾರ ಪ್ರೀಆಂಪ್ ಅನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕಾರಿನಲ್ಲಿ ಅಲ್ಲಿಗೆ ಒಯ್ದೆ. ಜೋಡಿಸಿದ ಮೊದಲ ನಿಮಿಷಕ್ಕೇ ಮೃದಂಗ ಕೋಣೆ ತುಂಬಿತು.

ತಪ್ಪು ಪ್ರೀಆಂಪ್‌ನದ್ದಲ್ಲ, ಜೋಡಿಯದ್ದು. ನನ್ನ ಪುಟ್ಟ ಕ್ಲಾಸ್-ಡಿ ಆಂಪ್‌ನ ಇನ್‌ಪುಟ್ ಇಂಪಿಡೆನ್ಸ್, ಅಂದರೆ ಬರುವ ಸಿಗ್ನಲ್‌ಗೆ ಅದು ಒಡ್ಡುವ ತಡೆ, 10 ಕಿಲೋ-ಓಮ್. ಈ ತಡೆ ಕಡಿಮೆಯಾದಷ್ಟೂ ಪ್ರೀಆಂಪ್‌ಗೆ ಹೊರೆ ಜಾಸ್ತಿ. ಅವನದ್ದು 100. ಗೆಳೆಯ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಎದುರು 10 ಕಿಲೋ-ಓಮ್ ಇದ್ದರೆ 159 ಹರ್ಟ್ಸ್‌ಗೇ ಶಬ್ದ 3 ಡೆಸಿಬೆಲ್ ಬೀಳುತ್ತದೆ. ಅದೇ 100 ಕಿಲೋ-ಓಮ್ ಆದರೆ 16 ಹರ್ಟ್ಸ್‌ವರೆಗೆ ತೊಂದರೆ ಇಲ್ಲ. ಹಳೆಯ ವಾಲ್ವ್ ಪ್ರೀಆಂಪ್‌ಗಳನ್ನು ಮಾಡಿದ್ದೇ ಹಗುರ ಹೊರೆಗೆ. ಇಂದಿನ ಆಂಪ್‌ಗಳು ಭಾರ. ಪ್ರೀಆಂಪ್ ಕೊಳ್ಳುವ ಮೊದಲು ನಿಮ್ಮ ಪವರ್ ಆಂಪ್‌ನ ಪುಸ್ತಕದಲ್ಲಿ ಇನ್‌ಪುಟ್ ಇಂಪಿಡೆನ್ಸ್ ಎಷ್ಟು ಎಂದು ಒಮ್ಮೆ ನೋಡಿ. ಈ ಒಂದು ಸಾಲು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಎರಡು ತಿಂಗಳ ಮೇಲೆ ಗೆಳೆಯ ನನಗೂ ಅಂಥದೇ ಒಂದು ಆಂಪ್ ಕಟ್ಟಿಕೊಟ್ಟ.

ಇನ್ನು ವಾಲ್ವ್‌ಗಳ ವಿಷಯ. ಇದರಲ್ಲಿ ನನಗೆ ನಷ್ಟ ಆಗಿದೆ, ಬೇರೆಯವರಿಗೆ ಆಗದಿರಲಿ ಎಂದು ಬರೆಯುತ್ತೇನೆ. ಕೆಲಸ ಶುರುವಾಗುವ ಮೊದಲೇ ನಾನು 6,500 ರೂಪಾಯಿ ಕೊಟ್ಟು ಬೇರೆ ಊರಿನ ಮಾರಾಟಗಾರರಿಂದ ಒಂದು ಜೊತೆ ಟೆಲಿಫಂಕನ್ ಇಸಿಸಿ83 ತರಿಸಿದ್ದೆ. ಇಸಿಸಿ83 ಅಂದರೆ 12ಎಎಕ್ಸ್7ಗೆ ಯುರೋಪಿನವರು ಇಟ್ಟ ಹೆಸರು. ಗಾಜಿನ ಮೇಲೆ ಹೆಸರು ಅಂದವಾಗಿ ಅಚ್ಚಾಗಿತ್ತು. ಮಾಸ್ಟ್ರು ಹೆಸರು ಓದಲೇ ಇಲ್ಲ. ತಲೆಕೆಳಗೆ ಮಾಡಿ ಪಿನ್ನುಗಳ ನಡುವಿನ ಗಾಜು ನೋಡಿದರು. ಟೆಲಿಫಂಕನ್ ತನ್ನ ಕಾರ್ಖಾನೆಯಲ್ಲೇ ಮಾಡಿದ ಇಂಥ ವಾಲ್ವ್‌ಗಳ ತಳದಲ್ಲಿ ಗಾಜಿನಲ್ಲೇ ಪುಟ್ಟ ವಜ್ರದ ಗುರುತು ಇರುತ್ತದೆ. ಇದರಲ್ಲಿ ಇರಲಿಲ್ಲ. ಬರೀ ಬಣ್ಣ ಹಚ್ಚಿದ್ದು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ.

ಆಮೇಲೆ ಅವರು ಪೆಟ್ಟಿಗೆಯಲ್ಲೇ ಇದ್ದ ಹಳೆಯ ನಾಲ್ಕನ್ನು ತೆಗೆದರು. ಅವುಗಳ ಮೇಲೆ ಡೈನಾಕೋ ಎಂದಿತ್ತು. ನಾನು ಅವು ಕಂಪನಿಯ ಸಾಧಾರಣ ವಾಲ್ವ್ ಎಂದುಕೊಂಡಿದ್ದೆ. ಎರಡರ ತಳದಲ್ಲಿ ವಜ್ರ ಇತ್ತು. ಡೈನಾಕೋ ಆ ಕಾಲದಲ್ಲಿ ಟೆಲಿಫಂಕನ್‌ನಿಂದ ತರಿಸಿ ತನ್ನ ಹೆಸರು ಅಚ್ಚು ಹಾಕುತ್ತಿತ್ತು. ಡಾಕ್ಟರ್ ತಮ್ಮ ಕೈಯಾರೆ ಚುಚ್ಚಿದ ವಾಲ್ವ್‌ಗಳು ಅವು. ಪಿನ್ ಉಜ್ಜಿ, ಸಾಕೆಟ್‌ನ ಹಿಡಿತ ಬಿಗಿ ಮಾಡಿ ಮತ್ತೆ ಹಾಕಿದೆವು. ಪರೀಕ್ಷೆಯಲ್ಲಿ ಎರಡೂ ಗಟ್ಟಿ ಇದ್ದವು.

ಉಳಿದ ಎರಡು ಜಾಗಕ್ಕೆ ಬೇರೆ ಬೇರೆ ಹಾಕಿ ಕೇಳಿದೆ. ಸ್ಲೊವಾಕಿಯಾದ ಜೆಜೆ, ರಷ್ಯಾದ ಸೊವ್‌ಟೆಕ್, ಮಾಸ್ಟ್ರ ಡಬ್ಬದಲ್ಲಿದ್ದ ನಮ್ಮ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್‌ನದ್ದು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಒಂದು ಕಾಲಕ್ಕೆ ದೇಶದ ರೇಡಿಯೋಗಳಿಗೆ ವಾಲ್ವ್ ಮಾಡುತ್ತಿದ್ದರು. ನನ್ನ ಕಿವಿಗೆ ಇವುಗಳ ನಡುವೆ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಇದ್ದದ್ದು ಸದ್ದಿನಲ್ಲಿ. ಒಂದು ಸುಯ್ಯೆನ್ನುತ್ತಿತ್ತು. ಇನ್ನೊಂದನ್ನು ಪೆನ್ಸಿಲ್‌ನಿಂದ ಮೆಲ್ಲ ತಟ್ಟಿದರೆ ಸ್ಪೀಕರ್‌ನಲ್ಲಿ ಗಂಟೆ ಬಾರಿಸಿದ ಹಾಗೆ ಕೇಳುತ್ತಿತ್ತು. ರೆಕಾರ್ಡ್ ಪ್ಲೇಯರ್‌ನ ಸಿಗ್ನಲ್ ಎತ್ತುವ ಫೋನೋ ಭಾಗಕ್ಕೆ ಅತಿ ನಿಶ್ಶಬ್ದದ ಜೋಡಿ ಬೇಕು, ಏಕೆಂದರೆ ಅಲ್ಲಿನ ಸಣ್ಣ ಸದ್ದೂ ಮುಂದೆ ದೊಡ್ಡದಾಗುತ್ತದೆ. ವಜ್ರದ ಎರಡು ಅಲ್ಲಿಗೆ ಹೋದವು. ಬಿಇಎಲ್ ಎರಡು ಮುಂದಿನ ಭಾಗಕ್ಕೆ. ವಾಲ್ವ್‌ಗೆ ಹಣ ಹಾಕುವ ಮೊದಲು ಪವರ್ ಸಪ್ಲೈ ಸರಿ ಮಾಡಿಸಿ ಎಂದು ನಾನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಹೀಟರ್‌ಗೆ 10.4 ವೋಲ್ಟ್ ಕೊಟ್ಟು ಯಾವ ವಾಲ್ವ್ ಹಾಕಿದರೂ ಸುಮ್ನೆ.

ಏಪ್ರಿಲ್‌ನಲ್ಲಿ ಸ್ಪೀಕರ್‌ನಲ್ಲಿ ಹಮ್, ಅಂದರೆ ಗುಂಯ್ ಎನ್ನುವ ಸದ್ದು, ಶುರುವಾಯಿತು. ಫೋನೋ ಹಾಕಿದಾಗ ಮಾತ್ರ. ಫೋನಿನ ಆ್ಯಪ್‌ನಲ್ಲಿ ನೋಡಿದರೆ 50 ಹರ್ಟ್ಸ್. 100 ಆಗಿದ್ದರೆ ಫಿಲ್ಟರ್ ಕೆಪಾಸಿಟರ್ ಕಡೆ ನೋಡಬೇಕಿತ್ತು. 50 ಅಂದರೆ ಅರ್ಥಿಂಗ್ ಇಲ್ಲವೇ ವಯರಿನ ವಿಷಯ. ಮಾಸ್ಟ್ರು ಫೋನಿನಲ್ಲೇ ಕೇಳಿದರು, “ನಿಮ್ಮ ಮನೆಯ ಅರ್ಥ್ ಗುಂಡಿ ಎಲ್ಲಿ ಉಂಟು?” ಬಿಜೈಯ ನಮ್ಮ ಮನೆಯದ್ದು ಹಿತ್ತಲಿನಲ್ಲಿ, ಮುರಕಲ್ಲಿನ ನೆಲದಲ್ಲಿ. ಬೇಸಿಗೆಗೆ ಪೂರ್ತಿ ಒಣಗಿತ್ತು. ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿ ಎರಡು ಕೊಡಪಾನ ನೀರು ಹೊಯ್ದೆ. ಹಮ್ ಅರ್ಧ ಇಳಿಯಿತು. ಟರ್ನ್‌ಟೇಬಲ್‌ನ ಅರ್ಥ್ ವಯರನ್ನು ಪ್ರೀಆಂಪ್‌ನ ಒಂದೇ ಸ್ಕ್ರೂಗೆ ಕಟ್ಟಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನು ಎರಡಡಿ ದೂರ ಸರಿಸಿದ ಮೇಲೆ ಉಳಿದದ್ದೂ ಹೋಯಿತು. ಈಗ ಏಪ್ರಿಲ್, ಮೇಯಲ್ಲಿ ದಿನಾ ಸಂಜೆ ಗಿಡಗಳ ಜೊತೆ ಆ ಗುಂಡಿಗೂ ನೀರು. ಅದೇ ಸಮಯಕ್ಕೆ ಸಿಡಿಲಿನ ಕಾಲವೂ ಹೌದು. ದೂರದಲ್ಲಿ ಗುಡುಗು ಕೇಳಿದರೆ ಸಾಕು, ಪ್ಲಗ್ ಗೋಡೆಯಿಂದ ಹೊರಗೆ.

ಮಳೆಗಾಲಕ್ಕೆ ಬೇರೆ ಕ್ರಮ. ಜುಲೈ-ಆಗಸ್ಟ್‌ನ ಆಟಿ ತಿಂಗಳ ತೇವಕ್ಕೆ ಸೆಲೆಕ್ಟರ್ ಸ್ವಿಚ್ ಕರಕರ ಅನ್ನುತ್ತದೆ. ದಿನ ಬಿಟ್ಟು ದಿನ ಒಂದು ಗಂಟೆ ಹಾಕಿಟ್ಟರೆ ವಾಲ್ವ್‌ನ ಬಿಸಿಗೇ ಒಳಗೆ ಒಣಗುತ್ತದೆ. ರೆಕಾರ್ಡ್‌ಗಳಿಗೆ ಬೂಷ್ಟು ಬರುತ್ತದೆ. ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸಿಡುತ್ತೇನೆ. ಬೂಷ್ಟು ಹಿಡಿದದ್ದನ್ನು ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಸೋಪು ಹಾಕಿ ತೊಳೆಯುತ್ತೇನೆ.

ಒಂದು ಬದಲಾವಣೆ ಮಾತ್ರ ಮಾಡಿಸಲಿಲ್ಲ. ಪಿಎಎಸ್-3ರ ಟೋನ್ ಗುಂಡಿಗಳು ನಡುವಿನಲ್ಲಿದ್ದರೂ ಸರ್ಕ್ಯೂಟ್‌ನಿಂದ ಪೂರ್ತಿ ಹೊರಗಿರುವುದಿಲ್ಲ. 1966ರಲ್ಲಿ ಬಂದ ಪಿಎಎಸ್-3ಎಕ್ಸ್ ಮಾದರಿಯಲ್ಲಿ ಅದನ್ನು ಸರಿ ಮಾಡಿದರು. ನನ್ನದಕ್ಕೂ ಟೋನ್ ಭಾಗ ಕಿತ್ತು ಹಾಕಿದರೆ ಶಬ್ದ ಇನ್ನೂ ನೇರವಾಗುತ್ತದೆ ಎಂದು ಗೆಳೆಯ ಹೇಳುತ್ತಲೇ ಇದ್ದಾನೆ. ಅವನು ಹೇಳುವುದು ಸರಿ ಇರಬಹುದು. ಆದರೆ ಅಪ್ಪನ ರೆಕಾರ್ಡ್‌ಗಳು ಹಳೆಯವು, ಕೆಲವದರಲ್ಲಿ ಟ್ರೆಬಲ್ ಚುಚ್ಚುತ್ತದೆ. ಕಾಳಿಂಗರಾಯರ ದನಿಗೆ ನಾನು ಆ ಗುಂಡಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸುತ್ತೇನೆ. ಆಗ ಅವರು ಎದುರೇ ನಿಂತು ಹಾಡಿದ ಹಾಗಿರುತ್ತದೆ. ಗುಂಡಿ ಇರಲಿ.

ಹೋದ ತಿಂಗಳು ದೊಡ್ಡಮ್ಮನ ಫ್ಲ್ಯಾಟಿಗೆ ಹೋಗಿದ್ದೆ. ಒಳಗಿನ ಫೋಟೋ ತೋರಿಸಿದೆ. ಹಳೆಯ ಬೆಸುಗೆ ಯಾವುದು, ಹೊಸತು ಯಾವುದು ಎಂದು ಬೆರಳಿಟ್ಟು ಕೇಳಿದರು. ನನ್ನ ಜೆರಾಕ್ಸ್ ಪ್ರತಿಯ ಅಂಚಿನಲ್ಲಿ ಒಂದೊಂದು ಬದಲಾವಣೆಯನ್ನೂ ತಾರೀಕು, ಅಳತೆ ಸಮೇತ ಕೆಂಪು ಪೆನ್ನಿನಲ್ಲಿ ಬರೆದಿದ್ದೆ. ಮುಂದೆ ಯಾರ ಕೈಗೆ ಹೋದರೂ ಒಳಗೆ ಎಂತ ಉಂಟು ಎಂದು ಗೊತ್ತಿರಲಿ ಎಂದು. ಅದನ್ನು ಓದಿ ಅವರು ತಮ್ಮ ಪುಸ್ತಕ ತಂದರು. “ಇದರಲ್ಲೂ ಬರೆದು ಕೊಡು” ಎಂದರು. ಊಟದ ಮೇಜಿನ ಮೇಲೆ ಕೂತು ನೀಲಿ ಟಿಕ್‌ಗಳ ಪಕ್ಕದಲ್ಲಿ ಎಲ್ಲವನ್ನೂ ಮತ್ತೆ ಬರೆದೆ. ಮೂರನೆಯ ಸಾಲು: ಹೀಟರ್, 12.4 ವೋಲ್ಟ್.